ಕರೆಬಾಯಿಯ ಮಗಳು

ನಮ್ಮೂರಿನಲ್ಲಿ ಯಾರಾದರೂ ಯಾರನ್ನಾದರೂ ಹೆಸರು ಹಿಡಿದು ಕೂಗಿದರೆ ಬೀದಿಯ ಜನ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಾರೆ. ಒಂದೋ ಭಾರಿ ಪ್ರೀತಿ ಇರಬೇಕು, ಇಲ್ಲವೇ ಭಾರಿ ಜಗಳ. ಎರಡೂ ಇಲ್ಲದೆ ಹೆಸರನ್ನು ಬಾಯಿಗೆ ತರುವಷ್ಟು ಧಾರಾಳಿಗಳು ನಮ್ಮಲ್ಲಿ ಕಡಿಮೆ. ಹೆಸರು ಸವೆಯುತ್ತದಲ್ಲ. ತುಳಿದಷ್ಟೂ ಹೊಸ್ತಿಲು ಸವೆಯುವ ಹಾಗೆ ಕರೆದಷ್ಟೂ ಹೆಸರು ಸವೆಯುತ್ತದೆ. ಕೊನೆಗೊಂದು ದಿನ ಕರೆಯಲು ಹೋದರೆ ಬಾಯಲ್ಲಿ ಬರೀ ಗಾಳಿ. ಕರೆದವರಿಗೂ ಅದು ನೆನಪಿರುವುದಿಲ್ಲ, ಕರೆಸಿಕೊಂಡವರಿಗೂ ಇರುವುದಿಲ್ಲ. ಎಲ್ಲಾದರೂ ಬರೆದಿಟ್ಟಿದ್ದರೂ ಅಷ್ಟೇ, ಕಣ್ಣು ಆ ಅಕ್ಷರಗಳ ಮೇಲಿಂದ ಜಾರಿ ಮುಂದಿನ ಸಾಲಿಗೆ ಹೋಗಿಬಿಡುತ್ತದೆ.

ಹಾಗಾಗಿ ಜನ ತಮ್ಮ ತಮ್ಮ ಉಪಾಯ ಕಂಡುಕೊಂಡಿದ್ದಾರೆ. ಗಂಡಹೆಂಡಿರು ‘ಇವಳೇ’, ‘ರೀ’ ಎನ್ನುತ್ತಾರೆ. ಇದು ಬೇರೆ ಊರುಗಳಲ್ಲೂ ಇದೆಯಂತೆ, ಅವರಿಗೇನು ಕಷ್ಟವೋ ನನಗೆ ತಿಳಿಯದು. ಅಂಚೆಯವನು ಒಂದೊಂದು ಮನೆಯ ಮುಂದೆ ಒಂದೊಂದು ರೀತಿ ಸೈಕಲ್ಲಿನ ಗಂಟೆ ಹೊಡೆಯುತ್ತಾನೆ. ತಾಯಂದಿರು ಬಳೆ ಕುಲುಕಿ ಮಕ್ಕಳನ್ನು ಊಟಕ್ಕೆ ಕರೆಯುತ್ತಾರೆ, ಹತ್ತು ಕೈಗಳ ಬಳೆ ಸದ್ದಿನಲ್ಲಿ ತಮ್ಮ ತಾಯಿಯದು ಯಾವುದೆಂದು ಮಕ್ಕಳಿಗೆ ಗೊತ್ತು. ಶಾಲೆಯಲ್ಲಿ ಹಾಜರಿ ಕೂಗುವುದಿಲ್ಲ, ಮೇಷ್ಟ್ರು ಮುಖ ನೋಡಿ ಗೀಟು ಹಾಕುತ್ತಾರೆ. ನಿಶ್ಚಿಂತೆಯಿಂದಿರುವವರು ಗುಡಿಯ ಅರ್ಚಕರು ಮಾತ್ರ. ದೇವರಿಗೇಕೆ ಸಾವಿರ ಹೆಸರು ಎಂದು ನಮ್ಮೂರ ಮಕ್ಕಳನ್ನು ಕೇಳಿ ನೋಡಿ. ಒಂದೇ ಇದ್ದಿದ್ದರೆ ಎಂದೋ ಮುಗಿದುಹೋಗುತ್ತಿತ್ತಲ್ಲ ಎನ್ನುತ್ತವೆ.

ನನ್ನ ಹೆಸರು ನನಗೆ ಆರು ತುಂಬುವಷ್ಟರಲ್ಲಿ ಸವೆದುಹೋಯಿತು. ಇಷ್ಟು ಬೇಗ ಊರಿನಲ್ಲಿ ಯಾರದೂ ಹೋದದ್ದಿಲ್ಲ. ಸಾಮಾನ್ಯವಾಗಿ ಎಪ್ಪತ್ತರ ಆಚೆ ಹೋಗುತ್ತದೆ, ಅಷ್ಟು ಹೊತ್ತಿಗೆ ಎಲ್ಲರೂ ಅಜ್ಜಿ ಎಂದೋ ತಾತ ಎಂದೋ ಕರೆಯುತ್ತಿರುವುದರಿಂದ ಅದು ಹೋದದ್ದೇ ತಿಳಿಯುವುದಿಲ್ಲ. ನನ್ನದನ್ನು ಸವೆಸಿದವಳು ನನ್ನ ಅಮ್ಮ. ಹಾಲು ಕುಡಿಯುವುದಕ್ಕೆ ಒಂದು ಸಲ ಕರೆಯುತ್ತಿದ್ದಳಂತೆ, ಕುಡಿದಾದ ಮೇಲೆ ಇನ್ನೊಂದು ಸಲ. ಊರು ಅವಳನ್ನು ಕರೆಬಾಯಿ ಎಂದಿತು. ಅದು ಎಲ್ಲರಿಗೂ ಅನ್ವಯಿಸುವ ಬೈಗುಳ. ಮಗುವನ್ನು ಎರಡು ಸಲ ಹೆಸರು ಹಿಡಿದು ಕರೆದ ತಾಯಿಗೆ ಅತ್ತೆಯರು ‘ಏನೇ ಕರೆಬಾಯಿ’ ಎನ್ನುತ್ತಾರೆ. ನಾನು ಕಲಿಸಿದ ಮಕ್ಕಳೇ ನನ್ನ ಎದುರಿಗೆ ಆ ಮಾತನ್ನು ಆಡಿದ್ದಾರೆ, ಪಾಪ, ಅವಕ್ಕೇನು ಗೊತ್ತು.

ನನಗೆ ಏಳು ವರ್ಷವಾದಾಗ ಅಮ್ಮ ತೀರಿಕೊಂಡಳು. ಅಪ್ಪ ನನ್ನನ್ನು ಕರೆದುಕೊಂಡು ಕೆರೆಯ ಆಚೆ ದಡಕ್ಕೆ ಮನೆ ಬದಲಾಯಿಸಿದ. ಮೂರು ಹೊಸ ಹೆಸರು ಇಟ್ಟು ನೋಡಿದ, ಒಂದೂ ಅಂಟಲಿಲ್ಲ. ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ನಾನು ಆಟ ಮುಂದುವರಿಸುತ್ತಿದ್ದೆನಂತೆ. ಆಮೇಲೆ ನಾನು ಓದಿದೆ, ಟೀಚರಾದೆ, ಊರಿಗೆಲ್ಲ ಟೀಚರಮ್ಮನಾದೆ. ಊಟ ಬಟ್ಟೆ ಮರ್ಯಾದೆ ಯಾವುದಕ್ಕೂ ಕಡಿಮೆಯಾಗಲಿಲ್ಲ. ಬೇಕಾಗಿದ್ದದ್ದು ಒಂದೇ, ನಾನೆಲ್ಲೋ ನಡೆದು ಹೋಗುತ್ತಿರುವಾಗ ಬೆನ್ನ ಹಿಂದಿನಿಂದ ಯಾರಾದರೂ ನನ್ನನ್ನು ಹೆಸರು ಹಿಡಿದು ಕರೆಯಬೇಕು. ಒಂದು ಸಲ ಸಾಕು. ಸಂತೆಯಲ್ಲಿ ಬೇರೆ ಯಾರನ್ನೋ ಕರೆದದ್ದು ಕಿವಿಗೆ ಬಿದ್ದರೂ ನಾನು ನಿಂತುಬಿಡುತ್ತಿದ್ದೆ. ಅಮ್ಮನ ಮೇಲೆ ಸಿಟ್ಟೂ ಬರುತ್ತಿತ್ತು. ಸ್ವಲ್ಪ ಬಾಯಿ ಬಿಗಿಹಿಡಿದಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಒಂದು ದಾರಿ ಇರಬೇಕಿತ್ತು. ನಮ್ಮಲ್ಲಿ ನಾಮಕರಣದ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಎರಡು ಸಲ ಹೇಳಿ, ಮೂರನೆಯದನ್ನು ಹೇಳದೆ ವೀಳ್ಯದೆಲೆಯ ಜೊತೆ ನುಂಗಿಬಿಡುತ್ತಾಳೆ. ಅದಕ್ಕೆ ಮೀಸಲು ಎನ್ನುತ್ತಾರೆ. ಮುಂದೆ ಆ ಮಗು ಕಾಡಿನಲ್ಲಿ ದಾರಿ ತಪ್ಪಿದರೆ, ಜ್ವರದಲ್ಲಿ ಎಚ್ಚರ ತಪ್ಪಿದರೆ, ಸಾವಿನ ಬಾಗಿಲಿಗೆ ಹೋಗಿ ನಿಂತರೆ ಅತ್ತೆ ಬಂದು ಆ ಒಂದು ಕರೆಯನ್ನು ಕರೆಯುತ್ತಾಳೆ. ಹೋಗುತ್ತಿದ್ದವರು ತಿರುಗಿ ನೋಡುತ್ತಾರೆ. ಹಾಗೆ ತಿರುಗಿ ಬಂದವರು ಊರಿನಲ್ಲಿ ಎಷ್ಟೋ ಮಂದಿ ಇದ್ದಾರೆ. ಬಳಕೆಯ ಹೆಸರು ಸವೆದರೂ ಮೀಸಲು ಸವೆಯುವುದಿಲ್ಲ, ಅತ್ತೆಯ ಉಸಿರಿರುವವರೆಗೂ ಇರುತ್ತದೆ. ಆದರೆ ನನ್ನ ಸೋದರತ್ತೆ, ಕಂಚುಗಾರರ ಕೇರಿಯ ಚೆನ್ನಾಜಮ್ಮ, ಅಮ್ಮನ ಜೊತೆ ಜಗಳವಾಡಿದ ದಿನ ಆ ಮೀಸಲನ್ನು ಬೀದಿಯಲ್ಲಿ ಕೂಗಿ ಹಾಳುಮಾಡಿಬಿಟ್ಟಳೆಂದು ಅಪ್ಪ ಹೇಳಿದ್ದ. ಅವಳ ಹೆಸರೆತ್ತಬೇಡ ಎಂದೂ ಹೇಳಿದ್ದ. ನಮ್ಮೂರಿನಲ್ಲಿ ಅದು ಪಾಲಿಸಲು ಸುಲಭದ ಮಾತು. ಐವತ್ತೈದು ವರ್ಷ ನಾನು ಕೆರೆ ದಾಟಿ ಆ ಕೇರಿಗೆ ಹೋಗಲಿಲ್ಲ.

ಶಾಲೆಯಿಂದ ನಿವೃತ್ತಳಾದ ವರ್ಷ ನಾಮಸಭೆಯ ಅಧ್ಯಕ್ಷರಾದ ಕರಿಸಿದ್ದಪ್ಪನವರು ಮನೆಗೆ ಬಂದರು. ಹೆಸರುಗಳ ವಿಚಾರದಲ್ಲಿ ಊರಿಗೆ ಬರುವ ತಂಟೆ ತಕರಾರುಗಳನ್ನೆಲ್ಲ ತೀರ್ಮಾನ ಮಾಡುವುದು ಆ ಸಭೆಯೇ. ಕಾಫಿ ಕುಡಿದು ಲೋಟ ಕೆಳಗಿಟ್ಟು ವಿಷಯಕ್ಕೆ ಬಂದರು.

“ಹೆಸರಿಗೆ ಸಂಬಂಧಪಟ್ಟ ಮಾತುಗಳೇ ನಮ್ಮಲ್ಲಿ ನೂರಾರು ಇವೆ ಟೀಚರಮ್ಮ. ಎಲ್ಲಿಂದ ಬಂದವು, ಮೊದ್ಲು ಯಾರು ಆಡಿದ್ದು, ಯಾರ್ಗೂ ಗೊತ್ತಿಲ್ಲ. ಅವನ್ನೆಲ್ಲ ಸೇರ್ಸಿ ಒಂದು ಪುಸ್ತಕ ಮಾಡ್ಕೊಡಿ.”

“ಊರಲ್ಲಿ ಪಂಡಿತರಿಗೇನು ಬರ ಬಂದಿದೆಯಾ? ನಾನೇ ಯಾಕೆ?”

“ಹೆಸರಿರೋರಿಗೆ ಕೊಟ್ರೆ ಎಲ್ಲಾನೂ ತಮ್ಮ ಹೆಸರಿನ ಕಡೆಗೇ ಎಳ್ಕೋತಾರೆ. ನಿಮಗೆ ಆ ರಗಳೆ ಇಲ್ವಲ್ಲ,” ಎಂದವರು ತಕ್ಷಣ ನಾಲಿಗೆ ಕಚ್ಚಿಕೊಂಡರು.

“ಬಿಡಿ, ಇಲ್ಲದ್ದನ್ನ ಇಲ್ಲ ಅಂದ್ರೆ ತಪ್ಪೇನು,” ಎಂದೆ. ಕೆಲಸ ಒಪ್ಪಿಕೊಂಡೆ.

ಪಂಡಿತರನ್ನು ಕೇಳಿದರೆ ಎಲ್ಲ ಮಾತಿಗೂ ಒಂದು ಧಾತು ಹುಡುಕಿ ಕೊಡುತ್ತಾರೆ. ಕಾಗೆ ಕೂಗಿದರೂ ಅದಕ್ಕೊಂದು ಧಾತು ಅವರ ಹತ್ತಿರ ಸಿದ್ಧವಾಗಿರುತ್ತದೆ. ನನಗೆ ಧಾತು ಬೇಕಿರಲಿಲ್ಲ, ಬಾಯಿ ಬೇಕಿತ್ತು. ಒಂದು ಮಾತನ್ನು ಹಿಡಿದು, ಇದನ್ನು ನಿಮಗೆ ಮೊದಲು ಹೇಳಿದ್ದು ಯಾರು ಎಂದು ಕೇಳುವುದು, ಅವರ ಮನೆಗೆ ಹೋಗಿ ಮತ್ತೆ ಅದನ್ನೇ ಕೇಳುವುದು. ಹೀಗೆ ಬಾಯಿಂದ ಬಾಯಿಗೆ ಹಿಂದೆ ಹಿಂದೆ ನಡೆದು, ಹಿಂದೆ ಇನ್ನಾರೂ ಇಲ್ಲ ಎನ್ನುವಲ್ಲಿ ನಿಲ್ಲುವುದು. ಜಗಲಿಹೆಸರು ಎಂದರೆ ಹೊರಗಿನವರು ಕರೆಯಲು ಇಟ್ಟ ಅಡ್ಡಹೆಸರು. ಒಳಗೆ ಬರುವಾಗ ಅದನ್ನು ಚಪ್ಪಲಿಯ ಜೊತೆ ಜಗಲಿಯಲ್ಲೇ ಬಿಟ್ಟು ಬಾ ಎಂದು ಮೊಮ್ಮಗನಿಗೆ ಹೇಳಿದ ಒಬ್ಬ ಅಜ್ಜಿಯಿಂದ ಆ ಮಾತು ಹುಟ್ಟಿತ್ತು. ಗಂಟುಹೆಸರು ಎಂದರೆ ಬಳಸದೆ ಇಟ್ಟ ಹೆಸರು. ನೇಕಾರರ ಮನೆಯ ಒಬ್ಬಳು ಗಂಡನ ಹೆಸರನ್ನು ಚೂರು ಬಟ್ಟೆಯ ಮೇಲೆ ಹೊಲಿದು ಸೆರಗಿನಲ್ಲಿ ಗಂಟು ಹಾಕಿಕೊಂಡು, ಒಮ್ಮೆಯೂ ಕರೆಯದೆ ನಲವತ್ತು ವರ್ಷ ಬಾಳಿ ಹೋದಳಂತೆ. ಅವಳ ಮೊಮ್ಮಗಳು ಆ ಗಂಟನ್ನು ನನಗೆ ತೋರಿಸಿದಳು. ಬಿಚ್ಚಲು ಅವಳಿಗೆ ಧೈರ್ಯವಿರಲಿಲ್ಲ, ಬಿಚ್ಚಿ ಎಂದು ಹೇಳಲು ನನಗೂ ಇರಲಿಲ್ಲ. ಆ ಮನುಷ್ಯ ಕರೆಯಿಸಿಕೊಳ್ಳದೆಯೇ ಸತ್ತನಲ್ಲ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ.

ಎರಡು ವರ್ಷವಾಯಿತು. ಪುಸ್ತಕ ಮುಗಿಯುತ್ತ ಬಂತು. ಒಂದು ಮಾತನ್ನು ಮಾತ್ರ ನಾನು ಮುಟ್ಟಿರಲಿಲ್ಲ, ಯಾವುದೆಂದು ಹೇಳಬೇಕಾಗಿಲ್ಲ. ಕರಿಸಿದ್ದಪ್ಪನವರು ಹಸ್ತಪ್ರತಿ ತಿರುವಿ, ‘ಕರೆಬಾಯಿ ಎಲ್ಲಿ?’ ಎಂದು ಕೇಳಿಯೇಬಿಟ್ಟರು. ಅದು ತುಂಬ ಹಳೆಯ ಮಾತು, ಅಜ್ಜ ಮುತ್ತಜ್ಜರ ಕಾಲದ್ದು ಎಂದೂ ಸೇರಿಸಿದರು. ಎಲ್ಲರೂ ಹಾಗೇ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ಊರಿನ ಹಳೆಯ ಬೈಗುಳವೊಂದನ್ನು ಅಮ್ಮನಿಗೆ ಅಂಟಿಸಿದ್ದಾರೆ ಎಂದುಕೊಂಡಿದ್ದೆ.

ಹಿಟ್ಟಿನ ಗಿರಣಿಯ ನಂಜೇಶಪ್ಪನವರಿಗೆ ತೊಂಬತ್ತು ವರ್ಷ. ಅವರನ್ನೇ ಮೊದಲು ಕೇಳಿದೆ.

“ನಮ್ಮವ್ವ ನನ್ ಹೆಂಡ್ತೀನ ಬೈತಿದ್ಲು ಕಣಮ್ಮ. ದಿನಾ ಬೈತಿದ್ಲು.”

“ಯಾವ ವರ್ಷದಿಂದ?”

“ಕೆರೆ ಏರಿ ಒಡೀತಲ್ಲ, ಆ ವರ್ಷ.”

“ಅದಕ್ಕೂ ಮುಂಚೆ?”

ಅವರು ಹಿಟ್ಟು ಹಿಡಿದ ಹುಬ್ಬು ಗಂಟಿಕ್ಕಿ ತುಂಬ ಹೊತ್ತು ಯೋಚಿಸಿದರು. “ಅದಕ್ಕೂ ಮುಂಚೆ... ಇಲ್ಲ. ಅದಕ್ಕೂ ಮುಂಚೆ ಕೇಳಿದ್ದೇ ಇಲ್ಲ ಬಿಡು.”

ಏರಿ ಒಡೆದ ವರ್ಷ ನನಗೆ ಐದು ವರ್ಷ. ಇನ್ನೂ ಆರು ಜನ ಹಳಬರನ್ನು ಕೇಳಿದೆ. ಯಾರ ನೆನಪೂ ಆ ವರ್ಷವನ್ನು ದಾಟಿ ಹಿಂದಕ್ಕೆ ಹೋಗಲಿಲ್ಲ. ನಂಜೇಶಪ್ಪನವರ ತಾಯಿಗೆ ಹೇಳಿದ್ದು ಬಳೆ ತೊಡಿಸುವ ಮಹಬೂಬಿ ಎಂದು ಗೊತ್ತಾಯಿತು. ಅವರು ಇನ್ನೂ ಇದ್ದರು, ಕಣ್ಣು ಹೋಗಿತ್ತು, ಬಾಯಿ ಚೆನ್ನಾಗಿತ್ತು. “ನಾನೇ ಕಣ್ಣಾರೆ ಕಂಡಿದ್ದೀನಿ ತಾಯಿ,” ಎಂದರು. “ಕಂಚುಗಾರ್ ಕೇರೀಲಿ ಬಳೆ ತೊಡಿಸ್ತಾ ಕೂತಿದ್ದೆ. ನಿಮ್ ಸೋದರತ್ತೆ ಬೀದಿಗೆ ಬಂದು ನಿಮ್ಮಮ್ಮನ್ನ ಹಿಡ್ಕೊಂಡು ಆ ಮಾತು ಅಂದ್ಲು. ಅದಕ್ ಮುಂಚೆ ಅಂಥಾ ಮಾತೇ ಇರ್ಲಿಲ್ಲ. ಬೆಚ್ಚಿಬಿದ್ದು ನನ್ ಕೈಲಿದ್ದ ಬಳೆ ಎಲ್ಲಾ ಒಡ್ಕೊಂಡೆ.”

ಮರುದಿನ ಬೆಳಿಗ್ಗೆ ಕೆರೆ ದಾಟಿದೆ. ಚೆನ್ನಾಜಮ್ಮ ಜಗಲಿಯಲ್ಲಿ ಬಿಸಿಲಿಗೆ ಕೂತು ಹುಣಿಸೆಹಣ್ಣಿನಿಂದ ಒಂದು ಚೊಂಬು ಬೆಳಗುತ್ತಿದ್ದರು. ಎಂಬತ್ತೆಂಟರ ಕೈ, ಆದರೆ ಚೊಂಬು ಫಳಫಳ ಎನ್ನುತ್ತಿತ್ತು. ಪುಸ್ತಕ ಬರೆಯುತ್ತಿದ್ದೇನೆ, ಕರೆಬಾಯಿ ಎಂಬ ಮಾತಿನ ಬಗ್ಗೆ ಕೇಳಲು ಬಂದೆ ಎಂದೆ. ಕೈ ನಿಂತಿತು. ತಲೆ ಎತ್ತಿ ನನ್ನ ಮುಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದರು.

“ಮೂಗು ನಮ್ಮಪ್ಪಂದೇ,” ಎಂದರು. “ಒಂದು ಕೆರೆ ದಾಟೋಕೆ ಐವತ್ತೈದು ವರ್ಷ ಬೇಕಾಯ್ತೇನೇ ನಿಂಗೆ?”

ಕೂತ್ಕೊ ಎಂದರು, ಕೂತೆ.

“ಹೌದು, ನಾನೇ ಅಂದೆ. ಹನ್ನೊಂದು ದಿನ ಕೂತಲ್ಲಿ ನಿಂತಲ್ಲಿ ಹುಡುಕಿ ನಾನಿಟ್ಟ ಹೆಸರು ಅದು. ನಿಮ್ಮಮ್ಮ ಅದನ್ನ ಹುರಿಗಡಲೆ ಥರ ತಿಂತಿದ್ಲು. ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಮಗೂಗೆ ಏನೂ ಉಳಿಸಲ್ವಲ್ಲ ಇವಳು ಅಂತ ಹೊಟ್ಟೆ ಉರೀತು. ಬಾಯಿಗೆ ಬಂತು, ಅಂದುಬಿಟ್ಟೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಸಂಜೆ ಹೊತ್ತಿಗೆ ಊರೆಲ್ಲ ಅದೇ ಮಾತು.”

“ಅಮ್ಮ ಏನಂದ್ಲು?”

“ನಕ್ಕಳು. ನಕ್ಕು, ನನ್ನ ಎದುರಿಗೇ ಇನ್ನೊಂದು ಸಲ ನಿನ್ನನ್ನ ಕರೆದ್ಲು.”

ಇಷ್ಟು ವರ್ಷ ನಾನೊಂದು ಕಾರಣ ಕಟ್ಟಿಕೊಂಡಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಆ ದಿನ ಅತ್ತೆಗೆ ಹೇಳಿದೆ. “ಅಮ್ಮನಿಗೆ ಒಳಗೇ ಏನೋ ಕಾಯಿಲೆ ಇತ್ತು, ಅಲ್ವಾ ಅತ್ತೆ? ಬೇಗ ಹೋಗ್ತೀನಿ ಅಂತ ಗೊತ್ತಿತ್ತು. ಮುಂದೆ ಕರೆಯೋಕಾಗಲ್ಲ ಅಂತ ಎಲ್ಲಾನೂ ಮೊದಲೇ ಕರೆದುಬಿಟ್ಲು.”

“ಯಾರು ಹೇಳಿದ್ದು? ಬಾವಿಯಿಂದ ಎರಡೆರಡು ಕೊಡ ಎತ್ತಿ ತರೋಳು. ಕಲ್ಲಿನಂಥ ಆಳು. ಮೂರು ದಿನದ ಜ್ವರ ಬಂತು, ಹೋದ್ಲು. ಯಾರಿಗೂ ಗೊತ್ತಿರ್ಲಿಲ್ಲ, ಅವಳಿಗಂತೂ ಮೊದಲೇ ಗೊತ್ತಿರ್ಲಿಲ್ಲ.”

“ಮತ್ತೆ ಯಾಕೆ ಅಷ್ಟೊಂದು ಕರೀತಿದ್ಲು?”

“ಯಾಕೆ ಅಂದ್ರೆ?” ಅತ್ತೆ ಚೊಂಬನ್ನು ಪಕ್ಕಕ್ಕಿಟ್ಟರು. “ನೀನು ಅವಳ ಸೆರಗು ಹಿಡ್ಕೊಂಡು ಪಕ್ಕದಲ್ಲೇ ಕೂತಿರ್ತಿದ್ದೆ. ಆದ್ರೂ ಕರೀತಿದ್ಲು. ಏನಮ್ಮಾ ಅಂತಿದ್ದೆ. ಸುಮ್ನೆ ಕಣೇ ಅಂತಿದ್ಲು. ಒಂದು ಗಳಿಗೆ ಬಿಟ್ಟು ಮತ್ತೆ ಕರೀತಿದ್ಲು. ಮತ್ತೆ ನೀನು ಏನಮ್ಮಾ. ಸುಮ್ನೆ. ಇಬ್ರಿಗೂ ನಗು. ನೋಡೋಕೆ ನಂಗೆ ಮೈಯೆಲ್ಲ ಉರಿಯೋದು.”

ನನಗೆ ಅಳು ತಡೆಯಲಾಗಲಿಲ್ಲ. ಕಾಯಿಲೆಯ ಕಥೆಯನ್ನು ನಾನು ಅಮ್ಮನ ಪರವಾಗಿ ಕಟ್ಟಿದ್ದೆ, ಅವಳನ್ನು ಕ್ಷಮಿಸಲು ಬೇಕಾಗುತ್ತದೆ ಎಂದು. ಕ್ಷಮಿಸುವಂಥದ್ದು ಏನೂ ಇರಲಿಲ್ಲ. ಅವಳಿಗೆ ನಾನು ಇಷ್ಟವಾಗಿದ್ದೆ, ಕರೆಯುತ್ತಿದ್ದಳು. ಅರವತ್ತು ದಾಟಿದ ಹೆಂಗಸು ನಾನು, ಆ ಜಗಲಿಯ ಮೇಲೆ ಕೂತು ನನಗೆ ಅಮ್ಮ ಬೇಕು ಅನ್ನಿಸಿತು. ಹಾಗೆ ಅನ್ನಿಸುವುದು ಎಂದೋ ನಿಂತುಹೋಗಿದೆ ಎಂದುಕೊಂಡಿದ್ದೆ.

ಅತ್ತೆ ಮತ್ತೆ ಚೊಂಬು ಎತ್ತಿಕೊಂಡರು. “ಮೀಸಲು ಕೂಗಿಬಿಟ್ಟೆ ಅಂತ ನಿಮ್ಮಪ್ಪ ಹೇಳಿದ್ನೇನೋ?” ಎಂದು ಕೇಳಿದರು. ತಲೆ ಆಡಿಸಿದೆ.

“ಅವನು ಅವತ್ತು ಊರಲ್ಲೇ ಇರ್ಲಿಲ್ಲ. ಯಾರೋ ಹಚ್ಚಿ ಕೊಟ್ರು, ನಂಬ್ಕೊಂಡ. ಬಂದು ನನ್ನ ಕೇಳಿದ್ರೆ ಹೇಳ್ತಿದ್ದೆ. ಅವನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಇದೆ ಕಣೇ. ಇಲ್ಲೇ ಇದೆ.” ಗಂಟಲಿನ ಕೆಳಗೆ ಎರಡು ಬೆರಳಿಟ್ಟು ತೋರಿಸಿದರು. “ನಿಂಗೆ ಹತ್ತನೇ ವರ್ಷದಲ್ಲಿ ವಿಷಮಜ್ವರ ಬಂತಲ್ಲ, ಆಗ ಎರಡು ದಿನ ಕೆರೆ ಏರಿ ಮೇಲೆ ಕೂತಿದ್ದೆ. ಯಾರಾದ್ರೂ ಓಡಿ ಬರ್ತಾರೆ, ಕರೀತಾರೆ ಅಂತ. ಜ್ವರ ತಾನಾಗೇ ಇಳೀತು ಅಂದ್ರು, ಎದ್ದು ಬಂದೆ. ಈಗ್ಲೂ ಅಷ್ಟೇ. ನೀನು ಸಾಯೋ ಹೊತ್ತಿಗೆ ನಾನಿರ್ಬೇಕಲ್ಲ ಅಂತಾನೇ ಮೂರು ಹೊತ್ತು ಗಂಜಿ ಕುಡ್ಕೊಂಡು ಕೂತಿದ್ದೀನಿ.”

ಆ ದಿನ ನಾನು ಏನನ್ನೂ ಕೇಳಲಿಲ್ಲ. ಮನೆಗೆ ಬಂದು ಎಂಟು ದಿನ ಒದ್ದಾಡಿದೆ. ಇದ್ದದ್ದು ಒಂದೇ ಕರೆ, ಕರೆದರೆ ಮುಗಿಯಿತು. ಇನ್ನೊಬ್ಬರ ಬಾಯಿಗೆ ದಾಟಿಸೋಣವೆಂದರೆ ಅದಕ್ಕೂ ಒಮ್ಮೆ ಹೇಳಲೇಬೇಕು. ಕರಿಸಿದ್ದಪ್ಪನವರ ಹತ್ತಿರ ವಿಷಯ ಹೇಳಿದೆ. ಅವರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. “ಇದಕ್ಕಿಂತ ಭಾಗ್ಯ ಬೇಕಾ ಟೀಚರಮ್ಮ? ಇವತ್ತೇ ಹೋಗಿ ಅವರನ್ನ ಮನೆಗೆ ಕರ್ಕೊಂಡು ಬನ್ನಿ. ಹಾಲು ತುಪ್ಪ ಹಾಕಿ ಜೋಪಾನ ಮಾಡಿ. ಆಪತ್ಕಾಲಕ್ಕೆ ಇರ್ಲಿ. ನಮ್ಮ ಭಾವ ಹೋದ ವರ್ಷ ಹೋಗೇಬಿಟ್ಟಿದ್ದ, ಅವರತ್ತೆ ಬಂದು ಕರೆದ್ರು, ಎದ್ದು ಕೂತ. ಈಗ ನೋಡಿ, ಮುದ್ದೆ ಹೊಡೀತಿದ್ದಾನೆ.”

ಅವರ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಇಡೀ ಊರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿತ್ತು. ಆದರೂ ಸುಮ್ಮನಿರಲಾರದೆ ಅವರ ಭಾವನ ಮನೆಗೆ ಹೋಗಿ, ಕರೆದಾಗ ಹೇಗನ್ನಿಸಿತು ಎಂದು ಕೇಳಿದೆ. ಆತ ತಲೆ ಕೆರೆದುಕೊಂಡ. “ಏನ್ ಅನ್ಸುತ್ತೆ? ನಂಗೆಲ್ಲಿ ಎಚ್ಚರ ಇತ್ತು? ಎದ್ದಾಗ ಎಲ್ಲ ಅಳ್ತಾ ಇದ್ರು. ಕರೆದ್ರು ಅಂತ ಆಮೇಲೆ ಅವರೇ ಹೇಳಿದ್ದು.” ಹಾಗೆ ತಿರುಗಿ ಬಂದ ಇನ್ನೂ ಇಬ್ಬರನ್ನು ಕೇಳಿದೆ. ಅವರಿಗೂ ಆ ಕರೆ ಕೇಳಿಸಿದ ನೆನಪಿರಲಿಲ್ಲ. ಜೀವ ಉಳಿದಿತ್ತು, ಅದರಲ್ಲಿ ಅನುಮಾನವಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಮತ್ತೆ ಕೆರೆ ದಾಟಿ ಹೋದೆ. ಅತ್ತೆ ನನ್ನನ್ನು ಕಂಡವರೇ ಗಾಬರಿಯಿಂದ ಎದ್ದರು.

“ಏನಾಯ್ತು? ಜ್ವರವಾ?”

“ಇಲ್ಲ.”

“ಡಾಕ್ಟ್ರು ಏನಾದ್ರೂ ಅಂದ್ರಾ?”

“ಏನೂ ಅಂದಿಲ್ಲ. ಗಟ್ಟಿಯಾಗಿದ್ದೀನಿ. ನನ್ನನ್ನ ಕರೀರಿ ಅತ್ತೆ.”

“ಯಾಕೆ?”

“ಸುಮ್ನೆ.”

ಅತ್ತೆಯ ಮುಖ ಕೆಂಪಾಯಿತು. ಬೈಯುತ್ತಾರೆ ಎಂದುಕೊಂಡೆ. ಆ ಬೀದಿಯಲ್ಲಿ ನಿಂತು ಅಮ್ಮನನ್ನು ಬೈದ ಬಾಯಿ ಅದು. “ನಾಳೆ ನಿಂಗೇನಾದ್ರೂ ಆದ್ರೆ ನನ್ ಹತ್ರ ಏನೂ ಇರಲ್ಲ,” ಎಂದರು.

“ಗೊತ್ತು ಅತ್ತೆ.”

“ಆಮೇಲೆ ನಂಗೂ ಏನೂ ಕೆಲಸ ಇರಲ್ಲ.”

ಅತ್ತೆ ಕೂತರು, ಎದ್ದರು, ಮತ್ತೆ ಕೂತರು. ಬಾಯಲ್ಲಿದ್ದ ಎಲೆಅಡಿಕೆ ಉಗಿದು ಚೊಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿದರು. ಮೂರು ಸಲ ಮುಕ್ಕಳಿಸಿದರು. “ಎದುರಿಗೆ ಕೂತೋರನ್ನ ಹ್ಯಾಗೆ ಕರೆಯೋದು?” ಎಂದು ಗೊಣಗಿದರು. “ಅವಳೇನೋ ಕರೀತಿದ್ಲು, ನಂಗೆ ಅದೆಲ್ಲ ಬರಲ್ಲ. ಹೋಗು, ಆ ಬಾವಿ ಹತ್ರ ನಿಂತ್ಕೊ. ಈ ಕಡೆ ನೋಡ್ಬೇಡ.”

ಹೋಗಿ ಬೆನ್ನು ಹಾಕಿ ನಿಂತೆ. ಅರವತ್ತೆರಡು ವರ್ಷ, ದಪ್ಪ ಕನ್ನಡಕ, ಹೆಗಲಲ್ಲಿ ಕಾಗದದ ಚೀಲ. ನೀರು ಸೇದುತ್ತಿದ್ದ ಹೆಂಗಸೊಬ್ಬಳು ಏನು ಬೇಕೆಂಬಂತೆ ನನ್ನನ್ನು ನೋಡಿದಳು. ಹಿಂದೆ ಅತ್ತೆ ಕೆಮ್ಮಿದ್ದು ಕೇಳಿಸಿತು. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಮನಸ್ಸು ಬದಲಾಯಿಸಿಬಿಟ್ಟರೇನೋ ಎಂದು ನನಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಕರೆದರು.

ತಿರುಗಬೇಕು ಎಂದು ನಾನು ಅಂದುಕೊಳ್ಳುವ ಮೊದಲೇ ಮೈ ತಿರುಗಿತ್ತು. ಅದು ನನ್ನದೇ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ಓ,” ಎಂದೆ. ಎಳೆಯ ದನಿ ಬಂತು, ನಲವತ್ತು ವರ್ಷ ಪಾಠ ಮಾಡಿದ ದನಿಯಲ್ಲ. ನೀರು ಸೇದುತ್ತಿದ್ದವಳು ಹಗ್ಗ ಹಿಡಿದುಕೊಂಡೇ ನಿಂತಳು.

ಆ ಹೆಸರು ಯಾವುದೆಂದು ನನ್ನನ್ನು ಕೇಳಬೇಡಿ. ಬಾವಿಯಿಂದ ಜಗಲಿಗೆ ನಡೆದು ಬರುವಷ್ಟರಲ್ಲಿ ಅದು ನನ್ನಿಂದಲೂ ಹೋಗಿತ್ತು, ಅತ್ತೆಯಿಂದಲೂ ಹೋಗಿತ್ತು. ಅತ್ತೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾನು ಹತ್ತಿರ ಹೋಗಿ, ಕರೆದವರ ಹತ್ತಿರ ಹೋದವರು ಕೇಳುವ ಹಾಗೆ, “ಏನತ್ತೆ?” ಎಂದೆ.

“ಏನಿಲ್ಲ, ಬಾ,” ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.